ಊರ ಕೋಳಿ ಮರಿ ಉಳಿಸಿ, ಮೊಟ್ಟೆಗೂ ಮಾಂಸಕ್ಕೂ ಬೆಳೆಸುವ ಕ್ರಮ: ಕರಾವಳಿಯವರಿಗೆ

ಮೇ ಕೊನೆಗೆ ಸಂತೆಯಿಂದ 20–30 ಮರಿ ತರುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಆಟಿ ತಿಂಗಳು (ಆಗಸ್ಟ್ ಮಧ್ಯಕ್ಕೆ) ಮುಗಿಯುವಷ್ಟರಲ್ಲಿ ಗೂಡಿನಲ್ಲಿ ನಾಲ್ಕೈದು ಉಳಿದಿರುತ್ತವೆ, ಅವೂ ರೆಕ್ಕೆ ಇಳಿಬಿಟ್ಟುಕೊಂಡು ಮೂಲೆಯಲ್ಲಿ ನಿಂತಿರುತ್ತವೆ. ಉಡುಪಿ, ಮಂಗಳೂರು ಕಡೆ ಊರ ಕೋಳಿ ಸಾಕಲು ಹೊರಟ ತುಂಬಾ ಜನ ಸೋಲುವುದು ಇಲ್ಲೇ. ಆಮೇಲೆ ಕೇಳುವುದು "ಯಾವ ಔಷಧ ಹಾಕಬೇಕಿತ್ತು?" ಅಂತ. ಔಷಧದಿಂದ ಉಳಿಯುವ ಮರಿ ಕಡಿಮೆ. ಮರಿ ಮೊದಲು ಬಂತು, ಗೂಡು ಆಮೇಲೆ ಆಯಿತು, ಲಸಿಕೆ ನೆನಪಾಗುವಾಗ ಅರ್ಧ ಸತ್ತಿದ್ದವು. ಹೆಚ್ಚಿನ ಕಡೆ ಆಗುವುದು ಇಷ್ಟೇ. ಹಾಗಾಗಿ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ. 25–30 ಮರಿಯ ಲೆಕ್ಕದಲ್ಲಿ ಬರೆದಿದ್ದೇನೆ. ಮೊದಲ ಸಲ ಸಾಕುವವರು ಅದಕ್ಕಿಂತ ಜಾಸ್ತಿ ತರಬಾರದು.

## ಹಂತ 1: ಮೊದಲು ತಿಂಗಳು ನೋಡಿ

ನಮ್ಮಲ್ಲಿ ವರ್ಷಕ್ಕೆ 3,500ರಿಂದ 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮರಿಗೆ ಮೈತುಂಬ ಗರಿ ಬರಲು 6ರಿಂದ 8 ವಾರ ಬೇಕು. ಅಲ್ಲಿಯವರೆಗೆ ಅದರ ಮೈ ಬರೀ ತುಪ್ಪುಳ, ನೆನೆದರೆ ಚಳಿ ತಡೆಯುವುದಿಲ್ಲ.

ಹಾಗಾಗಿ ಸೆಪ್ಟೆಂಬರ್ ಕೊನೆಯಿಂದ ಜನವರಿಯೊಳಗೆ ಮರಿ ಆಗುವಂತೆ ನೋಡಿಕೊಳ್ಳಿ. ತಡವಾದರೆ ಫೆಬ್ರವರಿ, ಅದರ ಆಚೆ ಬೇಡ. ಅಕ್ಟೋಬರ್‌ನಲ್ಲಿ ಒಡೆದ ಮರಿ ಏಪ್ರಿಲ್‌ಗೆ 6 ತಿಂಗಳಿನದ್ದಾಗುತ್ತದೆ. ಕೋಲ, ತಂಬಿಲಗಳಿಗೆ ಹುಂಜ ಕೇಳುವ ಸಮಯ ಅದೇ. ಪತ್ತನಾಜೆ (ಮೇ ಕೊನೆಗೆ ಕೋಲಗಳು ನಿಲ್ಲುವ ದಿನ) ಬರುವ ಮೊದಲು ಹುಂಜಗಳನ್ನು ಕೊಟ್ಟು ಮುಗಿಸಬಹುದು, ಹೇಂಟೆಗಳೂ ಹೊತ್ತಿಗೆ ಸರಿಯಾಗಿ ಮೊಟ್ಟೆಗೆ ಬರುತ್ತವೆ. "ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ, ಆಗ ತರೋಣ" ಅನ್ನುವ ಲೆಕ್ಕ ಕೋಳಿಗೆ ಆಗಿಬರುವುದಿಲ್ಲ.

## ಹಂತ 2: ಗೂಡು ಪೂರ್ತಿ ಆಗಲಿ, ಆಮೇಲೆ ಮರಿ

ಬೆಳೆದ ಕೋಳಿಗೆ ರಾತ್ರಿ ಮಲಗಲು ತಲೆಗೆ 2 ಚದರ ಅಡಿ ಲೆಕ್ಕ ಹಿಡಿಯಿರಿ. 30 ಕೋಳಿಗೆ 10 ಅಡಿ ಉದ್ದ, 6 ಅಡಿ ಅಗಲ ಸಾಕು. ಉದ್ದನೆಯ ಬದಿ ಪೂರ್ವ–ಪಶ್ಚಿಮಕ್ಕೆ ಇರಲಿ, ಬಿಸಿಲು ನೇರವಾಗಿ ಒಳಗೆ ಹೊಡೆಯುವುದಿಲ್ಲ. ಮಳೆ ಬರುವುದು ನೈರುತ್ಯದಿಂದ. ಅದಕ್ಕೆ ಪಶ್ಚಿಮದ ಚಿಕ್ಕ ಗೋಡೆಯನ್ನು ಪೂರ್ತಿ ಮುಚ್ಚಿ, ಮುರಕಲ್ಲಾದರೂ ಸರಿ, ತಗಡಾದರೂ ಸರಿ. ದಕ್ಷಿಣದ ಗೋಡೆಯನ್ನು ಎರಡು ಅಡಿ ಎತ್ತರಕ್ಕೆ ಕಟ್ಟಿ ಮೇಲೆ ಜಾಲರಿ ಹಾಕಿ. ಮಾಡು (ಛಾವಣಿ) ಗೋಡೆಯಿಂದ ಮೂರಡಿಯಾದರೂ ಹೊರಗೆ ಚಾಚಿರಬೇಕು. ಒಂದೂವರೆ ಅಡಿ ಚಾಚಿದ ಮಾಡು ಘಟ್ಟದ ಮೇಲೆ ನಡೆಯಬಹುದು, ಇಲ್ಲಿ ನಡೆಯುವುದಿಲ್ಲ.

ನೆಲ ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರದಲ್ಲಿರಲಿ. ಸುತ್ತ ಕಣಿ ತೋಡಿ, ಮಾಡಿನ ನೀರು ಗೂಡಿನ ಬುಡಕ್ಕೆ ಬೀಳದೆ ತೋಡಿಗೆ ಹರಿದು ಹೋಗಬೇಕು. ಮರಿ ತರುವ ಮೊದಲು ಒಂದು ಕೆಲಸ ಮಾಡಿ: ಮಾಡಿನ ಮೇಲೆ, ಪಶ್ಚಿಮದ ಗೋಡೆಗೆ ಪೈಪಿನಲ್ಲಿ ಅರ್ಧ ಗಂಟೆ ಜೋರಾಗಿ ನೀರು ಬಿಡಿ. ಆಮೇಲೆ ಒಳಗೆ ಹೋಗಿ ಅಂಗೈಯನ್ನು ನೆಲಕ್ಕೆ ಒತ್ತಿ ನೋಡಿ. ಕೈಗೆ ತೇವ ಅಂಟಿದರೆ ಗೂಡು ಇನ್ನೂ ಆಗಿಲ್ಲ ಅಂತ ಅರ್ಥ.

ಜಾಲರಿ ಅರ್ಧ ಇಂಚಿನ ವೆಲ್ಡ್ ಮೆಶ್ ಆಗಿರಲಿ. ಅಗ್ಗಕ್ಕೆ ಸಿಗುವ ಆರು ಮೂಲೆಯ ಕೋಳಿ ಜಾಲರಿಯಲ್ಲಿ ಹಾವು ನುಗ್ಗುತ್ತದೆ, ನಾಯಿ ಅದನ್ನು ಹರಿದೇ ಹಾಕುತ್ತದೆ. ಮುಂಗುಸಿ ಬುಡ ತೋಡಿ ಬರುತ್ತದೆ, ಆದ್ದರಿಂದ ಜಾಲರಿಯನ್ನು ಒಂದಡಿ ಮಣ್ಣಿನೊಳಗೆ ಇಳಿಸಿ ಅಥವಾ ಬುಡಕ್ಕೆ ಕಾಂಕ್ರೀಟ್ ಹಾಕಿ. ಬಾಗಿಲ ಸಂದಿಯನ್ನು ಮರೆಯಬೇಡಿ, ಹೆಚ್ಚಿನ ಸಲ ಕಾಡುಬೆಕ್ಕು ಒಳಬರುವುದು ಅಲ್ಲಿಂದಲೇ.

ದೊಡ್ಡ ತಪ್ಪೊಂದಿದೆ. ಮಳೆ ಶುರುವಾದ ಕೂಡಲೇ ನಾಲ್ಕೂ ಬದಿಗೆ ತಾರ್ಪಾಲು ಕಟ್ಟಿ ಬಿಡುವುದು. ಮಳೆ ಒಳಗೆ ಬರುವುದಿಲ್ಲ ನಿಜ, ಆದರೆ ಹಿಕ್ಕೆಯ ಹಬೆಯೂ ಹೊರಗೆ ಹೋಗುವುದಿಲ್ಲ. ಮರಿಯ ಎತ್ತರಕ್ಕೆ ಬಗ್ಗಿ ಒಂದು ನಿಮಿಷ ಉಸಿರಾಡಿ ನೋಡಿ. ನಿಮ್ಮ ಕಣ್ಣು ಉರಿದರೆ ಅವುಗಳ ಗತಿ ಏನು? ತಾರ್ಪಾಲನ್ನು ಕೆಳಗಿನಿಂದ ಮೇಲಕ್ಕೆ ಎಳೆಯುವ ಹಾಗೆ ಕಟ್ಟಿ, ಮೇಲುಗಡೆ ಒಂದಡಿ ಯಾವಾಗಲೂ ತೆರೆದಿರಲಿ.

## ಹಂತ 3: ಸಾಮಾನು ಜೋಡಿಸಿ

60 ವ್ಯಾಟ್‌ನ ಹಳೇ ನಮೂನೆಯ ತಂತಿ ಬಲ್ಬ್ ಎರಡು (ಒಂದು ಉರಿಸಲು, ಒಂದು ಕೈಯಲ್ಲಿ ಇರಲು). ಎಲ್‌ಇಡಿ ಬಲ್ಬ್ ಬೆಳಕು ಕೊಡುತ್ತದೆ, ಮರಿಗೆ ಬೇಕಾದ ಬಿಸಿ ಕೊಡುವುದಿಲ್ಲ. ಇದು ಗೊತ್ತಿಲ್ಲದೆ ಮರಿ ಕಳೆದುಕೊಂಡವರು ಬಹಳ ಜನ. ಒಂದೂವರೆ ಅಡಿ ಎತ್ತರದ ತಗಡು ಅಥವಾ ದಪ್ಪ ರಟ್ಟು, ವೃತ್ತವಾಗಿ ನಿಲ್ಲಿಸಲು. ಚೌಕ ಬೇಡ, ಮೂಲೆಯಲ್ಲಿ ಮರಿಗಳು ಒಂದರ ಮೇಲೊಂದು ಒತ್ತಿ ಸಾಯುತ್ತವೆ. ಚೆನ್ನಾಗಿ ಒಣಗಿದ ಭತ್ತದ ಉಮಿ ಎರಡು ಮೂರು ಗೋಣಿ, ಹಳೇ ಪೇಪರ್, ಮರಿಗಳ ನೀರಿನ ಡಬ್ಬಿ ಎರಡು, ಮೇವಿನ ತಟ್ಟೆ ಎರಡು, ಒಂದು ಥರ್ಮಾಮೀಟರ್.

ಕರೆಂಟ್ ಹೋದಾಗ ಏನು ಮಾಡುವುದು ಅಂತ ಈಗಲೇ ಯೋಚಿಸಿ. ಬಿಸಿನೀರು ತುಂಬಿದ ಬಾಟಲಿಗಳಿಗೆ ಬಟ್ಟೆ ಸುತ್ತಿ ವೃತ್ತದೊಳಗೆ ಇಡುವುದು ಸುರಕ್ಷಿತ ದಾರಿ. ಮಡಕೆಯಲ್ಲಿ ಇದ್ದಿಲು ಕೆಂಡ ಇಡುವವರೂ ಇದ್ದಾರೆ, ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಮರಿಯನ್ನೂ ಕೊಲ್ಲುತ್ತದೆ, ಮನುಷ್ಯನನ್ನೂ ಕೊಲ್ಲುತ್ತದೆ.

## ಹಂತ 4: ಮರಿ ಎಲ್ಲಿಂದ?

"ನಾಟಿ ಮರಿ" ಅಂತ ಮಾರುವುದೆಲ್ಲ ಊರ ಕೋಳಿ ಅಲ್ಲ. ಗಿರಿರಾಜ, ಸ್ವರ್ಣಧಾರ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ತಳಿಗಳು. ಮೊಟ್ಟೆ, ತೂಕ ಎರಡೂ ಊರ ಕೋಳಿಗಿಂತ ಜಾಸ್ತಿ. ಆದರೆ ಅವು ಕಾವಿಗೆ ಕೂರುವುದಿಲ್ಲ, ಪ್ರತಿ ಸಲ ಹೊಸ ಮರಿ ತರಬೇಕು. ಅವುಗಳದ್ದೇ ಮೊಟ್ಟೆಯಿಂದ ಮಾಡಿದ ಮುಂದಿನ ಪೀಳಿಗೆ ತಾಯಿಯಷ್ಟು ಇಳುವರಿ ಕೊಡುವುದೂ ಇಲ್ಲ. ಊರ ಹೇಂಟೆ ವರ್ಷಕ್ಕೆ ಇಡುವುದು 50–60 ಮೊಟ್ಟೆ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಸ್ವಲ್ಪ. ತೂಕ ಒಂದರಿಂದ ಒಂದೂವರೆ ಕಿಲೋ. ಆದರೆ ತಾನೇ ಕಾವು ಕೂತು ತಾನೇ ಮರಿ ಸಾಕುತ್ತದೆ. ನಿಮಗೆ ಯಾವುದು ಬೇಕು ಅಂತ ಮೊದಲು ತೀರ್ಮಾನ ಮಾಡಿ. ಎರಡನ್ನೂ ಒಂದೇ ಗೂಡಿನಲ್ಲಿ ಬೆರೆಸಬೇಡಿ, ಮೇವಿನ ತಟ್ಟೆಯಲ್ಲಿ ಊರ ಮರಿ ಹಿಂದೆ ಬೀಳುತ್ತದೆ.

ಊರ ಕೋಳಿಯನ್ನೇ ಬೆಳೆಸುವುದಾದರೆ ನನ್ನ ಸಲಹೆ ಒಂದೇ. ಪರಿಚಯದ ಮನೆಯಿಂದ ಕಾವಿಗೆ ಬಂದ ಎರಡು ಮೂರು ಹೇಂಟೆ ಮತ್ತು ಮೊಟ್ಟೆ ತನ್ನಿ. ಸಂತೆಯ ಮರಿಯ ವಯಸ್ಸು ಗೊತ್ತಿರುವುದಿಲ್ಲ, ಲಸಿಕೆ ಆಗಿದೆಯೋ ಇಲ್ಲವೋ ಅದೂ ಗೊತ್ತಿರುವುದಿಲ್ಲ.

ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು. ಫ್ರಿಜ್ಜಿನಲ್ಲಿಟ್ಟದ್ದು ಬೇಡ, ತೊಳೆದದ್ದೂ ಬೇಡ. ಒಂದು ಹೇಂಟೆಗೆ 10–12 ಮೊಟ್ಟೆ ಸಾಕು, ಹದಿನೈದಿಟ್ಟರೆ ಅಂಚಿನವು ತಣ್ಣಗಾಗುತ್ತವೆ. ಎಲ್ಲ ಮೊಟ್ಟೆಗಳನ್ನೂ ಒಂದೇ ಸಂಜೆ, ಕತ್ತಲಾದ ಮೇಲೆ ಇಡಿ. ಕೂರಿಸುವ ಮೊದಲು ಹೇಂಟೆಯ ರೆಕ್ಕೆಯಡಿ ನೋಡಿ, ಹೇನಿದ್ದರೆ ಮೊದಲು ಅದನ್ನು ತೆಗೆಯಬೇಕು, ಇಲ್ಲದಿದ್ದರೆ ಹೇನಿನ ಕಡಿತ ತಾಳದೆ ಮಧ್ಯದಲ್ಲೇ ಎದ್ದು ಹೋಗುತ್ತದೆ. ಏಳನೇ ದಿನ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಹಿಡಿದು ನೋಡಿ. ಕೆಂಪು ನರಗಳು ಕವಲೊಡೆದಂತೆ ಕಂಡರೆ ಮರಿ ಇದೆ. ಪೂರ್ತಿ ತಿಳಿಯಾಗಿದ್ದರೆ ತೆಗೆದುಬಿಡಿ. 21ನೇ ದಿನಕ್ಕೆ ಒಡೆಯುತ್ತವೆ. ಒಡೆಯುವಾಗ ಚಿಪ್ಪು ಬಿಡಿಸಲು ಕೈ ಹಾಕಬೇಡಿ, ರಕ್ತ ಸೋರಿ ಮರಿ ಸಾಯಬಹುದು.

## ಹಂತ 5: ಮೊದಲ ನಾಲ್ಕು ವಾರ

ಎಲ್ಲ ಕಷ್ಟವೂ ಇಲ್ಲೇ ಇರುವುದು, ನಿಧಾನವಾಗಿ ಓದಿ.

ಮರಿ ಬರುವ ದಿನ ಬಲ್ಬನ್ನು ಕೆಲವು ಗಂಟೆ ಮುಂಚೆಯೇ ಹಚ್ಚಿ, ಉಮಿ ಬೆಚ್ಚಗಾಗಬೇಕು. ಉಮಿ ಎರಡು ಮೂರು ಇಂಚು ದಪ್ಪ, ಅದರ ಮೇಲೆ ಪೇಪರ್. ಪೇಪರ್ ದಿನಾ ಬದಲಿಸಿ, ಮೂರು ನಾಲ್ಕು ದಿನದ ಮೇಲೆ ತೆಗೆದುಬಿಡಿ. ಮೊದಲು ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಬೆಲ್ಲ ಹಾಕಿ ಕುಡಿಸಿ. ಒಂದೆರಡು ಮರಿಯ ಕೊಕ್ಕನ್ನು ನೀರಿಗೆ ಮುಟ್ಟಿಸಿದರೆ ಉಳಿದವು ನೋಡಿ ಕಲಿಯುತ್ತವೆ. ಎರಡು ಮೂರು ಗಂಟೆ ಕಳೆದ ಮೇಲೆ ಜೋಳದ ನುಚ್ಚು ಪೇಪರ್ ಮೇಲೆ ಎರಚಿ. ನೀರಿನ ತಟ್ಟೆಯಲ್ಲಿ ಸಣ್ಣ ಕಲ್ಲು ಹಾಕಿಡಿ, ಮರಿ ಒಳಗಿಳಿದು ಮುಳುಗಬಾರದು.

ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಹೋಗಿ. ಬಲ್ಬನ್ನು ಮೇಲಕ್ಕೆ ಎತ್ತಿದರೆ ಬಿಸಿ ಇಳಿಯುತ್ತದೆ. ಥರ್ಮಾಮೀಟರ್‌ಗಿಂತ ಮರಿಗಳೇ ಸರಿಯಾಗಿ ಹೇಳುತ್ತವೆ. ಬಲ್ಬಿನ ಕೆಳಗೆ ಗುಂಪಾಗಿ ಒತ್ತಿಕೊಂಡು ಚೀಂಯ್ ಚೀಂಯ್ ಅಂತ ಬಿಡದೆ ಕೂಗಿದರೆ ಚಳಿ. ಅಂಚಿಗೆ ಹೋಗಿ ಬಾಯಿ ತೆರೆದು ರೆಕ್ಕೆ ಬಿಚ್ಚಿ ನಿಂತರೆ ಸೆಕೆ. ಒಂದೇ ಬದಿಗೆ ಸರಿದು ನಿಂತರೆ ಎದುರು ಬದಿಯಿಂದ ಗಾಳಿ ನುಗ್ಗುತ್ತಿದೆ. ಅಲ್ಲಲ್ಲಿ ಹರಡಿ ಮಲಗಿದ್ದರೆ ಸುಮ್ನೆ ಬಿಟ್ಟುಬಿಡಿ. ನಮ್ಮ ಸೆಕೆಗೆ ಮಧ್ಯಾಹ್ನ ಬಲ್ಬ್ ಬೇಕಾಗದೇ ಇರಬಹುದು, ಆದರೆ ಬೆಳಗಿನ ಜಾವ 3ರಿಂದ 6 ಗಂಟೆಗೆ ಖಂಡಿತ ಬೇಕು.

ರಾತ್ರಿ ಮಲಗುವ ಮೊದಲು ನಾಲ್ಕೈದು ಮರಿಗಳನ್ನು ಕೈಗೆತ್ತಿಕೊಂಡು, ಕುತ್ತಿಗೆಯ ಬುಡದಲ್ಲಿರುವ ಮೇವಿನ ಚೀಲವನ್ನು ಬೆರಳ ತುದಿಯಲ್ಲಿ ಮುಟ್ಟಿ. ಮೆತ್ತಗೆ ತುಂಬಿರಬೇಕು. ಗಟ್ಟಿಯಾಗಿದ್ದರೆ ಮೇವು ತಿಂದಿದೆ, ನೀರು ಕುಡಿದಿಲ್ಲ. ಖಾಲಿಯಾಗಿದ್ದರೆ ಏನೂ ತಿಂದಿಲ್ಲ, ಅಂಥದ್ದನ್ನು ಬೇರೆ ಇಟ್ಟು ನೋಡಿಕೊಳ್ಳಿ. ಹಿಂಬದಿಯಲ್ಲಿ ಹಿಕ್ಕೆ ಅಂಟಿ ಮುಚ್ಚಿಕೊಂಡಿದ್ದರೆ ಬಿಸಿನೀರಿನ ಬಟ್ಟೆಯಲ್ಲಿ ನೆನೆಸಿ ತೆಗೆಯಿರಿ, ಎಳೆಯಬೇಡಿ.

ಉಮಿಯ ಪರೀಕ್ಷೆ ದಿನಾ ಬೆಳಿಗ್ಗೆ. ನೀರಿನ ಡಬ್ಬಿಯ ಪಕ್ಕದ ಉಮಿಯನ್ನು ಒಂದು ಮುಷ್ಟಿ ತೆಗೆದು ಒತ್ತಿ, ಕೈ ಬಿಚ್ಚಿ. ಉದುರಿ ಹೋದರೆ ಒಳ್ಳೆಯದು. ಉಂಡೆಯಾಗಿ ನಿಂತರೆ ಅಷ್ಟು ಜಾಗದ ಉಮಿಯನ್ನು ಆಗಲೇ ಬಾಚಿ ತೆಗೆದು ಹೊಸದು ಹಾಕಿ. ರಕ್ತಭೇದಿ ಶುರುವಾಗುವುದು ಒದ್ದೆ ಉಮಿಯಿಂದ. ಮೂರನೇ ವಾರದಿಂದ ಆರನೇ ವಾರದೊಳಗೆ ಅದರ ಕಾಟ ಹೆಚ್ಚು. ಹಿಕ್ಕೆಯಲ್ಲಿ ಕೆಂಪು ಕಂಡರೆ, ಮರಿ ಗರಿ ಉಬ್ಬಿಸಿ ತೂಕಡಿಸಿದರೆ ಮರುದಿನಕ್ಕೆ ಕಾಯಬೇಡಿ. ಆಂಪ್ರೋಲಿಯಂ ಅನ್ನುವ ಔಷಧ ನೀರಿನಲ್ಲಿ ಕೊಡುತ್ತಾರೆ, ಪ್ರಮಾಣವನ್ನು ಪಶು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಅದೇ ದಿನ ಉಮಿಯನ್ನೂ ಪೂರ್ತಿ ಬದಲಿಸಿ, ಇಲ್ಲದಿದ್ದರೆ ಔಷಧ ಹಾಕಿಯೂ ಫಲವಿಲ್ಲ.

ತಾಯಿಯ ಜೊತೆ ಮರಿ ಬಿಡುವವರಿಗೆ ಬಲ್ಬ್ ಬೇಡ, ಆದರೆ ಮೂರು ನಾಲ್ಕು ವಾರ ತಾಯಿಯನ್ನೂ ಒಳಗೇ ಇಡಿ. ಬೆಳಿಗ್ಗೆ ಬೇಗ ಹೊರಬಿಟ್ಟರೆ ತಾಯಿ ಇಬ್ಬನಿ ಹುಲ್ಲಿನಲ್ಲಿ ಮರಿಗಳನ್ನು ಎಳೆದುಕೊಂಡು ಹೋಗುತ್ತದೆ. ನೆನೆದ ಮರಿ ಅರ್ಧ ಗಂಟೆಯಲ್ಲಿ ಸೋತು ಬೀಳುತ್ತದೆ, ಕಾಗೆ ಅದಕ್ಕೇ ಕಾದಿರುತ್ತದೆ.

## ಹಂತ 6: ಲಸಿಕೆ, ದಿನ ತಪ್ಪದೆ

ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಗೂಡು ಖಾಲಿ. ಔಷಧ ಇಲ್ಲ, ಲಸಿಕೆ ಮಾತ್ರ.

5ರಿಂದ 7ನೇ ದಿನ ಕೊಕ್ಕರೆ ರೋಗದ ಲಸಿಕೆ ಎಫ್‌1 ಅಥವಾ ಲಸೋಟ, ಕಣ್ಣಿಗೆ ಒಂದು ಹನಿ. 14ನೇ ದಿನ ಗುಂಬೋರೋ (ಮರಿಯ ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುವ ಕಾಯಿಲೆ) ಲಸಿಕೆ. 28ನೇ ದಿನ ಮತ್ತೆ ಲಸೋಟ. 6–7ನೇ ವಾರದಲ್ಲಿ ಸಿಡುಬಿನ ಲಸಿಕೆ, ಮಳೆಗಾಲದಲ್ಲಿ ಸೊಳ್ಳೆಯಿಂದ ಹರಡುವ ರೋಗ ಅದು. 8–10ನೇ ವಾರದಲ್ಲಿ ಕೊಕ್ಕರೆ ರೋಗಕ್ಕೇ ಆರ್‌2ಬಿ ಅನ್ನುವ ಚುಚ್ಚುಮದ್ದು. ಆರ್‌2ಬಿಗೆ ಒಂದು ವಾರ ಮೊದಲು ಜಂತುಹುಳದ ಔಷಧ ಕೊಡಿ. ಮೊದಲಿನ ಹನಿ ಹಾಕಿಸದ ಸಣ್ಣ ಮರಿಗೆ ನೇರವಾಗಿ ಆರ್‌2ಬಿ ಚುಚ್ಚಿಸಬೇಡಿ, ಲಸಿಕೆಯೇ ರೋಗ ತರಬಹುದು.

ಲಸಿಕೆ ಹಾಕಿಸಿಯೂ ಸತ್ತವು ಅನ್ನುವವರಲ್ಲಿ ಹೆಚ್ಚಿನವರು ತಪ್ಪುವುದು ಐಸ್ ವಿಷಯದಲ್ಲಿ. ಸೀಸೆಯನ್ನು ಅಂಗಿಯ ಜೇಬಿನಲ್ಲಿಟ್ಟು ಬೈಕಿನಲ್ಲಿ ತಂದರೆ ಅದು ಮನೆ ತಲುಪುವಾಗ ಬರೀ ನೀರು. ಐಸ್ ತುಂಬಿದ ಫ್ಲಾಸ್ಕಿನಲ್ಲೇ ತನ್ನಿ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ. ಹನಿ ಬಿಟ್ಟ ಮೇಲೆ ಮರಿ ಕಣ್ಣು ಪಿಳುಕಿಸುವವರೆಗೆ ಕೈಯಲ್ಲೇ ಹಿಡಿದಿರಿ. ನೀರಿನಲ್ಲಿ ಕೊಡುವ ಲಸಿಕೆಯಾದರೆ ಬ್ಲೀಚಿಂಗ್ ಪೌಡರ್ ಹಾಕದ ಬಾವಿ ನೀರು ಬಳಸಿ. ಸೀಸೆಯಲ್ಲಿ ಸಾಮಾನ್ಯವಾಗಿ ನೂರಾರು ಡೋಸ್ ಇರುತ್ತದೆ, ನಿಮ್ಮ 30 ಮರಿಗೆ ಅಷ್ಟು ಬೇಡ ಅಲ್ವಾ? ನೆರೆಯ ನಾಲ್ಕು ಮನೆಯವರನ್ನು ಸೇರಿಸಿಕೊಂಡು ಒಂದೇ ಬೆಳಿಗ್ಗೆ ಹಾಕಿಸಿ. ಪಕ್ಕದ ಮನೆಯ ಕೋಳಿಗೂ ಲಸಿಕೆ ಆದರೆ ನಿಮ್ಮ ಕೋಳಿಗೇ ಒಳ್ಳೆಯದು. ಬ್ರಹ್ಮಾವರದ ಮತ್ತು ಮಂಗಳೂರು ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ಹತ್ತಿರದ ಪಶು ಆಸ್ಪತ್ರೆಯಲ್ಲಿ ಈ ಬಗ್ಗೆ ವಿಚಾರಿಸಬಹುದು.

## ಹಂತ 7: ಹೊರಗೆ ಬಿಡುವುದು

ಆರನೇ ವಾರದ ನಂತರ, ಬಿಸಿಲು ಏರಿ ಇಬ್ಬನಿ ಆರಿದ ಮೇಲೆ, ಮೊದಲು ಎರಡು ಗಂಟೆ. ಸಂಜೆ ಗೂಡಿನೊಳಗೇ ಮೇವು ಹಾಕಿ, ಆಗ ಕರೆಯದಿದ್ದರೂ ಒಳಗೆ ಬರುತ್ತವೆ. ಒಳಗೆ ಕೂರಲು ಅಡಿಕೆ ಮರದ ಪಟ್ಟಿಯನ್ನೋ ಬಿದಿರನ್ನೋ ಎರಡಡಿ ಎತ್ತರದಲ್ಲಿ ಅಡ್ಡ ಕಟ್ಟಿ, ಕೋಳಿಗೆ ಎಂಟು ಇಂಚು ಲೆಕ್ಕ.

ಅಡಿಕೆ ತೋಟ ಇರುವವರು ಒಂದು ಮಾತು ನೆನಪಿಡಿ. ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸಿಂಪಡಿಸಿದ ದಿನ, ಅದರ ಮುಂದಿನ ಕೆಲವು ದಿನ ಕೋಳಿಯನ್ನು ತೋಟಕ್ಕೆ ಬಿಡಬೇಡಿ. ಮೈಲುತುತ್ತು ಕಲಸಿದ ಡ್ರಮ್ಮಿನ ಪಕ್ಕ ನಿಂತ ನೀರನ್ನು ಅವು ಕುಡಿಯುತ್ತವೆ.

ಹೊಸದಾಗಿ ತಂದ ಕೋಳಿಯನ್ನು ಮೂರು ವಾರ ಬೇರೆ ಕಡೆ ಇಟ್ಟು ನೋಡಿ, ಆಮೇಲೆ ಬೆರೆಸಿ. ಕೋಳಿ ಅಂಕಕ್ಕೆ (ಕೋಳಿ ಕಾಳಗಕ್ಕೆ) ಹೋಗಿ ಬಂದ ಹುಂಜವನ್ನಂತೂ ಈ ಗೂಡಿನ ಹತ್ತಿರ ತರಲೇಬೇಡಿ. ಹತ್ತೂರಿನ ಕೋಳಿಗಳ ನಡುವೆ ಇದ್ದು ಬಂದ ಹುಂಜ ಹತ್ತೂರಿನ ರೋಗವನ್ನೂ ತರಬಹುದು.

## ಹಂತ 8: ಮೇವು

ಮೊದಲ 8 ವಾರ ಮರಿಗಳ ಸ್ಟಾರ್ಟರ್ ಮೇವನ್ನೇ ಕೊಡಿ. ಅದರಲ್ಲಿ ಸುಮಾರು 20 ಶೇಕಡಾ ಪ್ರೋಟೀನ್ ಇರುತ್ತದೆ. ಬರೀ ನುಚ್ಚು, ಕುಚ್ಚಲಕ್ಕಿ ಅನ್ನ ಹಾಕಿ ಸಾಕಿದ ಮರಿ ಬದುಕಿದರೂ ಬೆಳೆಯುವುದಿಲ್ಲ. ಗೆದ್ದಲು ಸಿಕ್ಕರೆ ಕೊಡಿ, ಮರಿಗೆ ಅದಕ್ಕಿಂತ ಇಷ್ಟದ್ದು ಬೇರೆ ಇಲ್ಲ. ಮೊಟ್ಟೆ ಕೋಳಿಯ ಲೇಯರ್ ಮೇವನ್ನು ಮರಿಗೆ ಹಾಕಬಾರದು, ಅದರಲ್ಲಿರುವ ಸುಣ್ಣದಂಶ ಎಳೆ ಮರಿಯ ಮೂತ್ರಪಿಂಡ ಕೆಡಿಸುತ್ತದೆ.

ಎಂಟು ವಾರದ ಮೇಲೆ ಮನೆಯ ಮೇವಿಗೆ ಬರಬಹುದು. ಅರ್ಧದಷ್ಟು ಜೋಳ ಮತ್ತು ನುಚ್ಚು, ಉಳಿದದ್ದರಲ್ಲಿ ತೌಡು, ಹಿಂಡಿ, ಸ್ವಲ್ಪ ಮೀನಿನ ಪುಡಿ, ಖನಿಜ ಮಿಶ್ರಣ. ಜೊತೆಗೆ ನುಗ್ಗೆ ಸೊಪ್ಪು, ಬಸಳೆ ಎಲೆ, ಅಝೋಲ್ಲಾ (ನೀರಿನ ಮೇಲೆ ಬೆಳೆಯುವ ಸಣ್ಣ ಹಸಿರು ಸಸ್ಯ). ಹೊರಗೆ ಕೆದಕಿ ತಿನ್ನುವ ದೊಡ್ಡ ಕೋಳಿಗೆ ದಿನಕ್ಕೆ 40–50 ಗ್ರಾಂ ಕೊಟ್ಟರೆ ಸಾಕು, ಮಳೆಗಾಲದಲ್ಲಿ ಒಳಗೇ ಇದ್ದರೆ 100 ಗ್ರಾಂ ಬೇಕು.

ಮೀನಿನ ವಿಷಯದಲ್ಲಿ ನಮ್ಮ ಕಡೆಯವರೇ ಹೆಚ್ಚು ತಪ್ಪುವುದು. ಮಲ್ಪೆಯಲ್ಲೋ ಬಂದರಿನಲ್ಲೋ ಅಗ್ಗಕ್ಕೆ ಸಿಕ್ಕಿತು ಅಂತ ಉಪ್ಪು ಹಾಕಿದ ಒಣಮೀನಿನ ಪುಡಿ ತಂದು ಮರಿಗೆ ಹಾಕುತ್ತಾರೆ. ಉಪ್ಪು ಜಾಸ್ತಿಯಾದರೆ ಮರಿ ನೀರು ಕುಡಿದು ಕುಡಿದು, ಬೇಧಿಯಾಗಿ ಸಾಯುತ್ತದೆ. ಉಪ್ಪಿಲ್ಲದೆ ಒಣಗಿಸಿದ ಮೀನು ಮಾತ್ರ ಬಳಸಿ. ಮಾಂಸಕ್ಕೆ ಕೊಡುವ ಕೋಳಿಗೆ ಎರಡು ವಾರ ಮೊದಲೇ ಮೀನು ನಿಲ್ಲಿಸಿ, ಇಲ್ಲದಿದ್ದರೆ ಸುಕ್ಕದಲ್ಲಿ ಮೀನಿನ ವಾಸನೆ ಬರುತ್ತದೆ.

ಮಳೆಗಾಲದಲ್ಲಿ ಕಡಲೆ ಹಿಂಡಿ, ಜೋಳ ಬೇಗ ಬೂಸ್ಟು ಹಿಡಿಯುತ್ತವೆ. ಬೂಸ್ಟು ಹಿಡಿದದ್ದನ್ನು ತೊಳೆದು ಒಣಗಿಸಿದರೂ ವಿಷ ಹೋಗುವುದಿಲ್ಲ, ಬಿಸಾಡಿ. ಹದಿನೈದು ದಿನಕ್ಕೆ ಬೇಕಾದಷ್ಟೇ ತನ್ನಿ. ಗೋಣಿಯನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲೆ ಇಡಿ.

## ಹಂತ 9: ಮೊದಲ ಮಳೆಗಾಲ, ಅಪಾಯದ ಗುರುತುಗಳು

ಮೇ ಮಧ್ಯದಲ್ಲೇ ಉಮಿ ಕೊಂಡು ಒಣಗಿಸಿ ಇಟ್ಟುಕೊಳ್ಳಿ, ಜುಲೈಯಲ್ಲಿ ಒಣ ಉಮಿ ಸಿಗುವುದಿಲ್ಲ. ಎರಡು ದಿನಕ್ಕೊಮ್ಮೆ ಕೆದಕಿ ಮಗುಚಿ. ಒಂದು ಮೂಲೆಯಲ್ಲಿ ಬೂದಿ ಮತ್ತು ಒಣ ಮಣ್ಣಿನ ಪೆಟ್ಟಿಗೆ ಇಡಿ, ಹೊರಗೆ ಧೂಳು ಸಿಗದ ಕಾಲದಲ್ಲಿ ಹೊರಳಾಡಿ ಹೇನು ಕಳೆದುಕೊಳ್ಳಲು.

ಹಸಿರು ಬೇಧಿ, ಬಾಯಿ ತೆರೆದು ಉಸಿರು, ತಿರುಚಿದ ಕುತ್ತಿಗೆ, ಬಿದ್ದ ಕಾಲು ಕಂಡರೆ ಕೊಕ್ಕರೆ ರೋಗ ಅಂತಲೇ ಅನುಮಾನಿಸಿ. ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಹುಣ್ಣಿನ ಚಕ್ಕೆ ಸಿಡುಬಿನದು. ರಾತ್ರಿ ಗೊರಗೊರ ಸದ್ದು, ಮೂಗಿನಲ್ಲಿ ನೀರು ಬಂದರೆ ಮೊದಲು ಗಾಳಿಯ ದಾರಿ ನೋಡಿ. ಒಂದೆರಡು ದಿನದಲ್ಲಿ ಸಾಲಾಗಿ ಸತ್ತರೆ ಉಳಿದದ್ದನ್ನು ಮಾರಲು ಓಡಬೇಡಿ, ತಿನ್ನಲೂ ಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಸತ್ತ ಕೋಳಿಯನ್ನು ತೋಡಿಗೆ ಎಸೆಯುವುದು ಕೆಟ್ಟ ಅಭ್ಯಾಸ, ಕೆಳಗಿನ ಮನೆಯವರ ಗೂಡಿಗೂ ರೋಗ ಕಳಿಸಿದ ಹಾಗೆ. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ.

## ಹಂತ 10: ಮೊಟ್ಟೆಗೆ ಯಾವುದು, ಮಾಂಸಕ್ಕೆ ಯಾವುದು

ನಾಲ್ಕು ತಿಂಗಳಿಗೆ ಹುಂಜ ಯಾವುದು ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ. 8–10 ಹೇಂಟೆಗೆ ಒಂದು ಹುಂಜ ಸಾಕು. ಚುರುಕಾದ, ಕಾಲು ನೆಟ್ಟಗಿರುವ, ಒಮ್ಮೆಯೂ ಕಾಯಿಲೆ ಬೀಳದ ಒಂದೆರಡನ್ನು ಇಟ್ಟುಕೊಂಡು ಉಳಿದವನ್ನು 5–6 ತಿಂಗಳಿಗೆ ಕೊಟ್ಟುಬಿಡಿ. ಆಮೇಲೆ ಮೇವು ತಿನ್ನುತ್ತವೆ, ತೂಕ ಅಷ್ಟೇನೂ ಏರುವುದಿಲ್ಲ. ಅತಿ ದೊಡ್ಡ ಹುಂಜವನ್ನು ಮಾರಿ ಸಣಕಲನ್ನು ತಳಿಗೆ ಉಳಿಸಿಕೊಳ್ಳುವ ಪದ್ಧತಿ ಬಿಡಿ, ಮೂರು ನಾಲ್ಕು ವರ್ಷದಲ್ಲಿ ಇಡೀ ಹಿಂಡೇ ಸಣ್ಣದಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬೇರೆ ಊರಿನ ಹುಂಜ ತನ್ನಿ, ಒಂದೇ ರಕ್ತದಲ್ಲಿ ಮುಂದುವರಿದರೆ ಮೊಟ್ಟೆ ಒಡೆಯುವುದೇ ಕಡಿಮೆಯಾಗುತ್ತದೆ.

ಹೇಂಟೆಗಳು 6–7 ತಿಂಗಳಿಗೆ ಮೊಟ್ಟೆಗೆ ಬರುತ್ತವೆ. ಅದಕ್ಕೆ ಎರಡು ವಾರ ಮೊದಲೇ ನಾಲ್ಕೈದು ಹೇಂಟೆಗೆ ಒಂದರಂತೆ, ಮಬ್ಬು ಬೆಳಕಿನ ಮೂಲೆಯಲ್ಲಿ ಒಣಹುಲ್ಲು ಹಾಸಿದ ಬುಟ್ಟಿ ಇಡಿ. ಮೊಟ್ಟೆ ಇಡುವ ಕೋಳಿಗೆ ಸುಣ್ಣದಂಶ ಬೇಕು. ಮರುವಾಯಿ (ಕಪ್ಪೆಚಿಪ್ಪಿನ ಜಾತಿ) ಚಿಪ್ಪನ್ನು ತೊಳೆದು, ಒಣಗಿಸಿ, ಕುಟ್ಟಿ ಬೇರೆ ತಟ್ಟೆಯಲ್ಲಿಡಿ, ಬೇಕಾದಷ್ಟು ತಾವೇ ತಿನ್ನುತ್ತವೆ. ಚಿಪ್ಪು ತೆಳ್ಳಗಾದ ಮೊಟ್ಟೆ ಕಂಡರೆ ಆ ತಟ್ಟೆ ಖಾಲಿಯಾಗಿದೆಯಾ ಅಂತ ಮೊದಲು ನೋಡಿ.

ಮರಿ ಜೊತೆ ಬಿಟ್ಟ ಹೇಂಟೆ ತಿಂಗಳುಗಟ್ಟಲೆ ಮೊಟ್ಟೆ ಇಡುವುದಿಲ್ಲ. 6ರಿಂದ 8 ವಾರಕ್ಕೆ ಮರಿಗಳನ್ನು ಬೇರೆ ಮಾಡಿದರೆ ತಾಯಿ ಬೇಗ ಮತ್ತೆ ಮೊಟ್ಟೆಗೆ ಬರುತ್ತದೆ. ಬೇರೆ ಮಾಡುವಾಗ ಮರಿಗಳು ಹಳೇ ಗೂಡಿನಲ್ಲೇ ಇರಲಿ, ಜಾಗ ಬದಲಿಸಬೇಕಾದ್ದು ತಾಯಿಗೆ.